ಅಪರಿಚಿತ ಇಂಗ್ಲಿಷ್ ಪದವನ್ನು ಪರಿಚಯ ಮಾಡಿಕೊಳ್ಳುವ ಬಗೆ

ಕನ್ನಡ ಪತ್ರಿಕೆಯೊಂದರ ಸುದ್ದಿಮನೆಗೆ ಸೇರಿದ ಮೊದಲ ವರ್ಷದ ಮಾತು. ರಾತ್ರಿ ಪಾಳಿ. ಸುದ್ದಿಸಂಸ್ಥೆಯಿಂದ ಬಂದ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಪಡಿತರ ಅಂಗಡಿಯ ಮುಂದೆ ಬೆಳಗಿನಿಂದ ಸಾಲು ನಿಂತಿದ್ದ ಜನ ಮಧ್ಯಾಹ್ನದ ಹೊತ್ತಿಗೆ 'ರೆಸ್ಟಿವ್' ಆದರು ಎಂದು ಒಂದು ಸುದ್ದಿಯಲ್ಲಿತ್ತು. 'ರೆಸ್ಟ್' ಗೊತ್ತಿದ್ದ ಮೇಲೆ 'ರೆಸ್ಟಿವ್' ಗೊತ್ತಿಲ್ಲದೆ ಇರುತ್ತದೆಯೇ? 'ಕಾದು ದಣಿದ ಜನ ಅಲ್ಲಿಯೇ ವಿಶ್ರಮಿಸಿದರು' ಎಂದು ಬರೆದು ಪುಟಕ್ಕೆ ಕಳುಹಿಸಿಬಿಟ್ಟೆ. ಮರುದಿನ ಹಿರಿಯ ಉಪಸಂಪಾದಕರು ಮೂಲ ಸುದ್ದಿಯನ್ನೂ ಅಚ್ಚಾದ ಪುಟವನ್ನೂ ಪಕ್ಕಪಕ್ಕದಲ್ಲಿಟ್ಟು ನನ್ನನ್ನು ಕರೆದರು. "ನೋಡಿ ಇವರೇ, ಮುಂದಿನ ಸಾಲಿನಲ್ಲಿ ಪೊಲೀಸರನ್ನು ಕರೆಸಿದರು ಎಂದಿದೆ. ವಿಶ್ರಮಿಸುವ ಜನರಿಗೆ ಪೊಲೀಸರು ಯಾಕೆ ಬೇಕು?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ಪ್ರಶ್ನೆ ಮಾತ್ರ ಇಂದಿಗೂ ಕಿವಿಯಲ್ಲಿದೆ.

'ರೆಸ್ಟಿವ್' ಎಂದರೆ ತಾಳ್ಮೆ ತೀರಿ, ಹಿಡಿತಕ್ಕೆ ಸಿಗದೆ ಚಡಪಡಿಸುವ ಸ್ಥಿತಿ. ಅದು ಹಳೆಯ ಫ್ರೆಂಚಿನಿಂದ ಬಂದ ಪದ. ಸವಾರ ಏನು ಮಾಡಿದರೂ ಹೆಜ್ಜೆ ಕೀಳದೆ ಮೊಂಡು ಹಿಡಿದು ನಿಲ್ಲುವ ಕುದುರೆಗೆ ಆ ಮಾತನ್ನು ಹೇಳುತ್ತಿದ್ದರು. ಲಗಾಮಿಗೆ ಬಗ್ಗದ ಕುದುರೆಯಿಂದ ಮಾತಿಗೆ ಬಗ್ಗದ ಜನರಿಗೆ ಅರ್ಥ ಸರಿದು ಬಂತು. ವಿಶ್ರಾಂತಿಯ 'ರೆಸ್ಟ್' ಬೇರೆಯೇ ಬುಡದ್ದು, ಎರಡಕ್ಕೂ ನಂಟಿಲ್ಲ.

ಆ ದಿನ ಸಂಜೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ. ಅದರಿಂದ ನಾನು ಕಂಡುಕೊಂಡ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಇಂಗ್ಲಿಷ್ ಪತ್ರಿಕೆ ಓದುತ್ತಿರುವವರು, ಅನುವಾದಕ್ಕೆ ಕೈಹಾಕಿರುವವರು, ಮಕ್ಕಳ ಪಾಠ ನೋಡಿಕೊಳ್ಳುವ ತಂದೆತಾಯಿ, ಇವರೆಲ್ಲ ನನ್ನ ಕಣ್ಣ ಮುಂದಿದ್ದಾರೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಪರೂಪದ ಪದದ ಅರ್ಥ ಕನ್ನಡದ ಒಂದೇ ಪದದಲ್ಲಿ ಸಿಗುತ್ತದೆ ಎಂದು ನಂಬಿ ಹೊರಟರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಮನುಷ್ಯರ ಪರಿಚಯ ಮಾಡಿಕೊಳ್ಳುವಾಗ ಹೆಸರು ಕೇಳಿ ಸುಮ್ಮನಾಗುತ್ತೇವೆಯೇ? ಊರು, ಮನೆತನ, ಒಡನಾಟ, ಸ್ವಭಾವ ಎಲ್ಲವನ್ನೂ ವಿಚಾರಿಸುತ್ತೇವೆ. ಪದಕ್ಕೂ ಅಷ್ಟೇ ವಿಚಾರಣೆ ಬೇಕು.

ಮೊದಲ ಹಂತ: ಗೊತ್ತಿದ್ದಂತೆ ಕಾಣುವ ಪದವನ್ನು ಅನುಮಾನಿಸಿ

ಪೂರ್ತಿ ಅಪರಿಚಿತ ಪದ ಅಪಾಯ ಮಾಡುವುದು ಕಡಿಮೆ, ಏಕೆಂದರೆ ಅದು ಬಂದ ಕೂಡಲೇ ನಾವು ನಿಲ್ಲುತ್ತೇವೆ. ಪರಿಚಿತ ಮುಖವಾಡ ತೊಟ್ಟು ಬರುವ ಪದ ನಮ್ಮನ್ನು ನಿಲ್ಲಿಸುವುದೇ ಇಲ್ಲ.

ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರಿನ ಹಿಂದೆ ಹೋದವರೆಲ್ಲ 'ಹೈಲಿ ಇನ್‌ಫ್ಲೇಮಬಲ್' ಎಂಬ ಬರಹ ನೋಡಿರುತ್ತೀರಿ. ಇಂಗ್ಲಿಷಿನಲ್ಲಿ 'ಇನ್' ಮುಂದೆ ಸೇರಿದರೆ 'ಇಲ್ಲ' ಎಂಬ ಅರ್ಥ ಬರುತ್ತದೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆ ಲೆಕ್ಕದಲ್ಲಿ ಇದು ಬೆಂಕಿ ಹತ್ತದ ವಸ್ತು ಆಗಬೇಕಿತ್ತು. ಆದರೆ ಲ್ಯಾಟಿನ್ನಿನಲ್ಲಿ ಎರಡು 'ಇನ್'ಗಳಿವೆ. ಒಂದು ಅಲ್ಲಗಳೆಯುವುದು, ಇನ್ನೊಂದು 'ಒಳಕ್ಕೆ' ಎಂದು ಒತ್ತಿ ಹೇಳುವುದು. ಟ್ಯಾಂಕರಿನ ಮೇಲಿರುವುದು ಎರಡನೆಯದು: ಒಳಗೇ ಉರಿ ಹೊತ್ತಿಕೊಳ್ಳಬಲ್ಲದ್ದು. ಈ ಗೊಂದಲದಿಂದ ಜೀವಕ್ಕೇ ಅಪಾಯ ಎಂದು ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲಿಯೇ 'ಇನ್' ತೆಗೆದು ಬರಿಯ 'ಫ್ಲೇಮಬಲ್' ಬಳಸಿ ಎಂದು ಒತ್ತಾಯಿಸಿತು. ಎರಡಕ್ಕೂ ಅರ್ಥ ಒಂದೇ. ನಮ್ಮ ರಸ್ತೆಗಳಲ್ಲಿ ಹಳೆಯ ರೂಪ ಇನ್ನೂ ಓಡಾಡುತ್ತಿದೆ. ಟ್ಯಾಂಕರಿನ ಮೇಲೆ ಕನ್ನಡದಲ್ಲಿ 'ಬೇಗ ಬೆಂಕಿ ಹತ್ತುವ ವಸ್ತು' ಎಂದು ದಪ್ಪಕ್ಷರದಲ್ಲಿ ಬರೆಸಬೇಕೆಂಬುದು ನನ್ನ ಬಹುಕಾಲದ ಆಸೆ.

ಇಂತಹವೇ ಇನ್ನೂ ಕೆಲವು. 'ನಾಯ್ಸಮ್' ಎಂಬುದಕ್ಕೂ ಗದ್ದಲಕ್ಕೂ ಸಂಬಂಧವಿಲ್ಲ. ಅದು 'ಅನಾಯ್' ಎಂಬ ಪದದ ಬಳಗ. ಹೊಟ್ಟೆ ತೊಳಸುವಂತೆ ನಾರುವುದಕ್ಕೆ, ಅಸಹ್ಯ ಹುಟ್ಟಿಸುವುದಕ್ಕೆ ಅದನ್ನು ಬಳಸುತ್ತಾರೆ. 'ಎನರ್ವೇಟ್' ಎಂದರೆ ಚೈತನ್ಯ ತುಂಬುವುದು ಎಂದುಕೊಂಡವರು ಬಹಳ ಮಂದಿ. ಅರ್ಥ ತದ್ವಿರುದ್ಧ: ಶಕ್ತಿಯನ್ನೆಲ್ಲ ಹೀರಿ ನಿತ್ರಾಣಗೊಳಿಸುವುದು. ಲ್ಯಾಟಿನ್ನಿನಲ್ಲಿ ಅದು ನರ ಕಿತ್ತು ಹಾಕುವ ಮಾತು. ನಾವು 'ನರಸತ್ತವನು' ಎನ್ನುತ್ತೇವಲ್ಲ, ಅದೇ ಭಾವ. ಅದನ್ನು ನೆನೆದರೆ ಈ ಪದ ಮತ್ತೆ ಮೋಸ ಮಾಡುವುದಿಲ್ಲ. 'ಡಿಸ್‌ಇಂಟರೆಸ್ಟೆಡ್' ಎಂದರೆ ಆಸಕ್ತಿ ಇಲ್ಲದವನು ಎಂದು ಈಗ ಅನೇಕರು ಬಳಸುತ್ತಾರೆ. ಎಚ್ಚರದಿಂದ ಬರೆಯುವವರ ಕೈಯಲ್ಲಿ ಅದು ಸ್ವಾರ್ಥವಿಲ್ಲದ, ಪಕ್ಷಪಾತವಿಲ್ಲದ ವ್ಯಕ್ತಿಗೆ ಸಲ್ಲುವ ಮೆಚ್ಚುಗೆ. ನ್ಯಾಯಾಧೀಶರು ಹಾಗಿರಬೇಕು, ಆದರೆ ಮೊಕದ್ದಮೆಯಲ್ಲಿ ಆಸಕ್ತಿಯೇ ಇಲ್ಲದ ನ್ಯಾಯಾಧೀಶರು ಯಾರಿಗೂ ಬೇಡ. ಹಾಗೆಯೇ 'ಎನಾರ್ಮಿಟಿ' ಎಂಬುದರಲ್ಲಿ ದೊಡ್ಡ ಗಾತ್ರಕ್ಕಿಂತ ಘೋರತೆಯ ಧ್ವನಿ ಮುಂದಿದೆ. ಅಪರಾಧದ ಘೋರತೆಗೆ ಅದು ಒಪ್ಪುತ್ತದೆ, ದೇವಸ್ಥಾನದ ಗೋಪುರದ ಎತ್ತರಕ್ಕೆ ಒಪ್ಪುವುದಿಲ್ಲ.

ಎರಡನೆಯ ಹಂತ: ನಿಘಂಟು ತೆರೆಯುವ ಮೊದಲು ಊಹೆ ಬರೆದಿಡಿ

ಪದ ಸಿಕ್ಕ ಕೂಡಲೇ ಮೊಬೈಲ್ ಎತ್ತಬೇಡಿ. ಹಿಂದಿನ ಎರಡು ಸಾಲು, ಮುಂದಿನ ಎರಡು ಸಾಲು ಓದಿ. ಆ ಜಾಗದಲ್ಲಿ ಯಾವ ಕನ್ನಡ ಮಾತು ಇಟ್ಟರೆ ವಾಕ್ಯ ನಿಲ್ಲುತ್ತದೆ ಎಂದು ಯೋಚಿಸಿ, ಪೆನ್ಸಿಲಿನಲ್ಲಿ ಅಂಚಿನಲ್ಲಿ ಬರೆಯಿರಿ. ಪದ ಹೊಗಳುತ್ತಿದೆಯೋ ತೆಗಳುತ್ತಿದೆಯೋ ಎಂಬುದಕ್ಕೆ ಒಂದು ಅಧಿಕ ಚಿಹ್ನೆ ಅಥವಾ ಕಳೆಯುವ ಚಿಹ್ನೆ ಹಾಕಿ. ನನ್ನ ಪಡಿತರ ಅಂಗಡಿಯ ಸುದ್ದಿಯಲ್ಲಿ ಪೊಲೀಸರು ಮುಂದಿನ ಸಾಲಿನಲ್ಲೇ ಇದ್ದರು. ನಾನು ಅಲ್ಲಿಯವರೆಗೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ಊಹೆ ತಪ್ಪಾದರೆ ಬೇಸರ ಬೇಡ. ತಪ್ಪು ಊಹೆಯನ್ನು ಕೈಯಾರೆ ಹೊಡೆದುಹಾಕಿ ಸರಿಯಾದುದನ್ನು ಬರೆದ ಪದಗಳು ನನ್ನ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿವೆ. ಸುಲಭವಾಗಿ ಸಿಕ್ಕ ಅರ್ಥಗಳು ಅಷ್ಟೇ ಸುಲಭವಾಗಿ ಜಾರಿಹೋಗಿವೆ.

ಮೂರನೆಯ ಹಂತ: ನಿಘಂಟನ್ನು ಓದುವ ಕ್ರಮ

ಮೊದಲು ಇಂಗ್ಲಿಷ್–ಇಂಗ್ಲಿಷ್, ಆಮೇಲೆ ಇಂಗ್ಲಿಷ್–ಕನ್ನಡ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಕನ್ನಡದ ಸಮಾನಪದ ಮೊದಲೇ ಕಣ್ಣಿಗೆ ಬಿದ್ದರೆ ಮನಸ್ಸು ಅಲ್ಲಿಯೇ ಕೂತುಬಿಡುತ್ತದೆ, ವಿವರಣೆ ಓದುವ ತಾಳ್ಮೆ ಉಳಿಯುವುದಿಲ್ಲ.

ನಿಘಂಟಿನಲ್ಲಿ ಮೊದಲು ಕೊಟ್ಟ ಅರ್ಥವೇ ಮುಖ್ಯ ಅರ್ಥ ಎಂಬ ನಂಬಿಕೆಯನ್ನೂ ಬಿಡಬೇಕು. ಮೆರಿಯಮ್‌–ವೆಬ್‌ಸ್ಟರ್ ನಿಘಂಟು ಅರ್ಥಗಳನ್ನು ಹುಟ್ಟಿದ ಕಾಲದ ಕ್ರಮದಲ್ಲಿ ಕೊಡುತ್ತದೆ. ಹಳೆಯದು ಮೊದಲು, ಇತ್ತೀಚಿನದು ಕೊನೆಗೆ. 1884ರಲ್ಲಿ ಮೊದಲ ಕಂತು ಹೊರಬಂದು 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯದೂ ಇತಿಹಾಸದ ಕ್ರಮವೇ. ಕಲಿಯುವವರಿಗೆಂದೇ ಸಿದ್ಧಪಡಿಸಿದ ನಿಘಂಟುಗಳು ಇಂದು ಹೆಚ್ಚು ಬಳಕೆಯಲ್ಲಿರುವ ಅರ್ಥವನ್ನು ಮುಂದಿಡುತ್ತವೆ. ಕೈಯಲ್ಲಿರುವ ನಿಘಂಟು ಯಾವ ಬಗೆಯದು ಎಂದು ಮುನ್ನುಡಿ ನೋಡಿ ತಿಳಿದುಕೊಳ್ಳಿ. ಅರ್ಥದ ಪಕ್ಕದಲ್ಲಿ ಹಳೆಯ ಬಳಕೆ, ಕಾವ್ಯದ ಬಳಕೆ, ಔಪಚಾರಿಕ, ಹೀನಾರ್ಥ ಎಂಬ ಸೂಚನೆ ಇದ್ದರೆ ಅದನ್ನು ಅರ್ಥದಷ್ಟೇ ಗಮನವಿಟ್ಟು ಓದಿ. ಉದಾಹರಣೆಯ ವಾಕ್ಯವನ್ನಂತೂ ಬಿಡಲೇಬೇಡಿ. ರೆವರೆಂಡ್ ಕಿಟೆಲ್ ತಮ್ಮ 1894ರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಜೊತೆಗೆ ನಮ್ಮ ಗಾದೆಗಳನ್ನೂ ಕೊಟ್ಟರು. ಗಾದೆಯೊಳಗೆ ಕೂತಾಗ ಪದ ಹೇಗೆ ಉಸಿರಾಡುತ್ತದೆ ಎಂಬುದು ಆ ಪುಟಗಳಲ್ಲಿ ಕಾಣುತ್ತದೆ.

ನಾಲ್ಕನೆಯ ಹಂತ: ಪದವನ್ನು ಬಿಡಿಸಿ ನೋಡಿ

ಈ ಹಂತದಲ್ಲಿ ನಮಗೆ, ಅಂದರೆ ಕನ್ನಡ ಓದುವವರಿಗೆ, ಒಂದು ದೊಡ್ಡ ಅನುಕೂಲವಿದೆ. ಅದನ್ನು ಯಾವ ಶಾಲೆಯಲ್ಲೂ ನನಗೆ ಯಾರೂ ತೋರಿಸಿಕೊಡಲಿಲ್ಲ ಎಂಬ ಕೊರಗು ಇರುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ. ಐದರಲ್ಲೂ 'ಹಾರ' ಒಂದೇ. ಮುಂದೆ ಸೇರಿದ ಉಪಸರ್ಗ ಅರ್ಥವನ್ನು ಎಲ್ಲಿಂದ ಎಲ್ಲಿಗೋ ಎಳೆದೊಯ್ದಿದೆ. ಪ್ರೌಢಶಾಲೆಯ ವ್ಯಾಕರಣದಲ್ಲಿ ಇದನ್ನು ಕಲಿತವರಿಗೆ ಇಂಗ್ಲಿಷಿನ ದೊಡ್ಡ ಪದಗಳ ಒಳರಚನೆ ಹೊಸದಲ್ಲ. ಲ್ಯಾಟಿನ್ನಿನ 'ಸ್ಪೆಕ್' ಎಂದರೆ ನೋಡುವುದು. ಒಳಹೊಕ್ಕು ನೋಡಿದರೆ 'ಇನ್‌ಸ್ಪೆಕ್ಟ್', ಹಿಂದಿರುಗಿ ನೋಡಿದರೆ 'ರೆಟ್ರೊಸ್ಪೆಕ್ಟ್', ಸುತ್ತಲೂ ನೋಡಿ ಹೆಜ್ಜೆ ಇಟ್ಟರೆ 'ಸರ್ಕಮ್‌ಸ್ಪೆಕ್ಟ್'. ಈ ಕೊನೆಯದು ಅಪರೂಪದ ಪದ. ದುಡುಕದ, ಎಚ್ಚರದ ನಡೆಗೆ ಅದನ್ನು ಹೇಳುತ್ತಾರೆ.

ಇನ್ನೂ ಮುಂದಕ್ಕೆ ಹೋಗೋಣ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕು ಎಂದು ಹೇಳಿದರು. ಕನ್ನಡ ಆ ಕುಟುಂಬಕ್ಕೆ ಸೇರಿದ್ದಲ್ಲ. ದಕ್ಷಿಣದ ಭಾಷೆಗಳದು ಬೇರೆ ಮನೆತನ ಎಂದು ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ತೋರಿಸಿಕೊಟ್ಟರು. ಆದರೂ ನಮ್ಮ ಮಾತಿನಲ್ಲಿ ಬೆರೆತುಹೋದ ಸಂಸ್ಕೃತ ಪದಗಳು ಲ್ಯಾಟಿನ್ ಮೂಲದ ಇಂಗ್ಲಿಷ್ ಪದಗಳಿಗೆ ಬೀಗದ ಕೈ ಆಗಬಲ್ಲವು. ಹೇಗೆ ನೋಡಿ.

ರಾಮನನ್ನು ಆಜಾನುಬಾಹು ಎನ್ನುತ್ತೇವೆ. ಮೊಣಕಾಲನ್ನು ಮುಟ್ಟುವ ಕೈಯುಳ್ಳವನು. ಆ 'ಜಾನು' ಮತ್ತು ಲ್ಯಾಟಿನ್ನಿನ 'ಗೆನು' ಒಂದೇ ಬುಡದವು. ಅದರಿಂದ 'ಜೆನ್ಯುಫ್ಲೆಕ್ಟ್': ಮೊಣಕಾಲು ಮಡಿಸಿ ವಂದಿಸುವುದು. ಚರ್ಚಿನ ವಿಧಿಯಿಂದ ಹೊರಬಂದ ಈ ಪದವನ್ನು ಅಧಿಕಾರದ ಮುಂದೆ ಅತಿಯಾಗಿ ಬಾಗುವವರಿಗೂ ಹೇಳುತ್ತಾರೆ. 'ಸ್ವಪ್ನ'ದ ನಂಟಿನ ಲ್ಯಾಟಿನ್ ಪದ 'ಸೋಮ್ನಸ್', ಅಂದರೆ ನಿದ್ದೆ. ಅದರಿಂದ ನಿದ್ದೆ ಬಾರದ 'ಇನ್‌ಸೋಮ್ನಿಯಾ' ಬಂತು, ತೂಕಡಿಕೆಯ 'ಸಾಮ್ನಲೆಂಟ್' ಬಂತು. ಮಧ್ಯಾಹ್ನದ ಊಟದ ನಂತರದ ತರಗತಿಯನ್ನು ನೆನೆಸಿಕೊಂಡರೆ ಆ ಎರಡನೆಯ ಪದದ ಅರ್ಥ ಕಣ್ಣೆದುರು ನಿಲ್ಲುತ್ತದೆ. 'ಅಗ್ನಿ'ಯ ನಂಟು 'ಇಗ್ನಿಸ್'. ಬೆಂಕಿಯಿಂದ ಹುಟ್ಟಿದ ಶಿಲೆ 'ಇಗ್ನಿಯಸ್'. ಸಂಸ್ಕೃತದ 'ಯುಗ'ಕ್ಕೆ ನೊಗ ಎಂಬ ಅರ್ಥವೂ ಇದೆ. ಅದರ ಲ್ಯಾಟಿನ್ ದಾಯಾದಿ 'ಯುಗುಮ್'. ಸೋತ ಸೈನಿಕರನ್ನು ರೋಮನ್ನರು ನೊಗದಂತೆ ಕಟ್ಟಿದ ಈಟಿಗಳ ಕೆಳಗೆ ಬಗ್ಗಿಸಿ ನಡೆಸುತ್ತಿದ್ದರು. 'ಸಬ್‌ಜುಗೇಟ್' ಎಂಬ ಪದದೊಳಗೆ ಆ ಅವಮಾನದ ದೃಶ್ಯ ಹಾಗೆಯೇ ಉಳಿದಿದೆ. ಅದನ್ನು 'ಸೋಲಿಸು' ಎಂದು ಕನ್ನಡಿಸಿದರೆ ಅರ್ಧ ಮಾತ್ರ ಬಂದಂತೆ. ಅಡಿಯಾಳಾಗಿಸು ಎಂದಾಗ ನೊಗದ ಭಾರವೂ ಬರುತ್ತದೆ.

ಈ ಬೀಗದ ಕೈಯನ್ನು ಎಲ್ಲ ಬಾಗಿಲಿಗೂ ಹಾಕಬೇಡಿ. ಲ್ಯಾಟಿನ್ನಿನ 'ಪೆಡ್' ನಮ್ಮ 'ಪಾದ'ದ ಬಂಧು. ನಡೆದು ಹೋಗುವವನು 'ಪೆಡೆಸ್ಟ್ರಿಯನ್'. ಅದೇ ಧೈರ್ಯದಲ್ಲಿ 'ಪೆಡಗಾಗ್' ಎಂಬುದಕ್ಕೂ ಪಾದವನ್ನು ಅಂಟಿಸಿದರೆ ಎಡವುತ್ತೇವೆ. ಅಲ್ಲಿರುವುದು ಗ್ರೀಕಿನ ಮಗು. ಮಗುವನ್ನು ಶಾಲೆಗೆ ಕರೆದೊಯ್ಯುವ ಆಳಿಗೆ ಗ್ರೀಕರು ಆ ಹೆಸರು ಕೊಟ್ಟಿದ್ದರು. ಆದ್ದರಿಂದ ಬಿಡಿಸಿ ನೋಡಿದ ಮೇಲೆ ನಿಘಂಟಿನ ವ್ಯುತ್ಪತ್ತಿಯ ಸಾಲಿನಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.

ಐದನೆಯ ಹಂತ: ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಬರೆದಿಡಿ

ಓದಿ ಮಾತ್ರ ಕಲಿತವರಿಗೆ ಸಭೆಯಲ್ಲಿ ಬಾಯಿ ಬಿಡಲು ಹೆದರಿಕೆ. ಅದಕ್ಕೆ ಮದ್ದು ನಮ್ಮ ಲಿಪಿಯಲ್ಲೇ ಇದೆ. ನಿಘಂಟಿನ ಧ್ವನಿ ಕೇಳಿ, ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆದುಕೊಳ್ಳಿ. ದೋಷಾರೋಪ ಹೊರಿಸುವ ಪದ 'ಇಂಡೈಟ್', 'ಇಂಡಿಕ್ಟ್' ಅಲ್ಲ. ಯೋಜನೆ ಅಡ್ಡದಾರಿ ಹಿಡಿದಾಗ ಹೇಳುವುದು 'ಅರೈ', 'ಆರಿ' ಅಲ್ಲ. 'ಎಪಿಟಮಿ', 'ಹೈಪರ್ಬಲಿ' ಎಂಬ ಎರಡರಲ್ಲೂ ಕೊನೆಯ ಅಕ್ಷರ ಉಚ್ಚಾರವಾಗುತ್ತದೆ. ಹಡಗುಕಟ್ಟೆ ಬರಹದಲ್ಲಿ 'ಕ್ವೇ'ಯಂತೆ ಕಂಡರೂ ಬಾಯಿಯಲ್ಲಿ 'ಕೀ'. ಒತ್ತು ಬೀಳುವ ಅಕ್ಷರದ ಕೆಳಗೆ ಒಂದು ಗೆರೆ ಎಳೆದರೆ ಇನ್ನೂ ಒಳ್ಳೆಯದು.

ಆರನೆಯ ಹಂತ: ಅದರ ಒಡನಾಟ ಯಾರೊಂದಿಗೆ?

ಕನ್ನಡದಲ್ಲಿ ಮಳೆ 'ಧೋ' ಎಂದು ಸುರಿಯುತ್ತದೆ, ಬಿಸಿಲು 'ಚುರುಚುರು' ಎನ್ನುತ್ತದೆ. ಅದಲು ಬದಲು ಮಾಡಿದರೆ ವ್ಯಾಕರಣ ಕೆಡುವುದಿಲ್ಲ, ಕಿವಿ ಮಾತ್ರ ಒಪ್ಪುವುದಿಲ್ಲ. ಇಂಗ್ಲಿಷಿನ ಅಪರೂಪದ ಪದಗಳು ಈ ವಿಷಯದಲ್ಲಿ ಇನ್ನೂ ಹಟಮಾರಿಗಳು. ಕೆಲವಂತೂ ಒಂದೆರಡು ಜೊತೆಗಾರರನ್ನು ಬಿಟ್ಟು ಹೊರಗೆ ಬರುವುದೇ ಇಲ್ಲ.

'ಹ್ಯಾಲ್ಸಿಯನ್' ಎಂಬ ಪದವನ್ನೇ ನೋಡಿ. ಗ್ರೀಕರಲ್ಲಿ ಅದು ಮಿಂಚುಳ್ಳಿಯ ಹೆಸರು. ಚಳಿಗಾಲದ ನಡುವೆ, ಹಗಲು ತೀರ ಕಿರಿದಾಗುವ ಕಾಲದಲ್ಲಿ, ಆ ಹಕ್ಕಿ ಕಡಲ ಮೇಲೆಯೇ ಗೂಡು ತೇಲಿಬಿಟ್ಟು ಮರಿ ಮಾಡುತ್ತದೆ, ಆಗ ಹದಿನಾಲ್ಕು ದಿನ ಗಾಳಿ ಅಡಗಿ ಅಲೆ ಶಾಂತವಾಗಿರುತ್ತದೆ ಎಂದು ಅವರು ನಂಬಿದ್ದರು. ಆ ದಿನಗಳೇ 'ಹ್ಯಾಲ್ಸಿಯನ್ ಡೇಸ್'. ಇಂದು ಆ ಮಾತಿಗೆ ಕಳೆದುಹೋದ ನೆಮ್ಮದಿಯ ಕಾಲ ಎಂಬ ಅರ್ಥ. ಹಿಂದಿರುಗಿ ನೋಡುವ ಹಂಬಲ ಅದರಲ್ಲಿದೆ. ಆದ್ದರಿಂದ 'ಈಗ ನಮ್ಮ ಮನೆಯಲ್ಲಿ ಹ್ಯಾಲ್ಸಿಯನ್ ವಾತಾವರಣವಿದೆ' ಎಂದರೆ ತಪ್ಪೆನ್ನಲಾಗದಿದ್ದರೂ ಮಾತು ಸಪ್ಪೆ. ನಮ್ಮ ಕೆರೆ ದಂಡೆಯ ವಿದ್ಯುತ್ ತಂತಿಯ ಮೇಲೆ ಕೂರುವ, ಎದೆ ಬಿಳುಪು, ಬೆನ್ನು ನೀಲಿಯ ಮಿಂಚುಳ್ಳಿಯ ಶಾಸ್ತ್ರೀಯ ಹೆಸರು 'ಹ್ಯಾಲ್ಸಿಯನ್ ಸ್ಮಿರ್ನೆನ್ಸಿಸ್'. ಅದನ್ನು ಕಂಡಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಇನ್ನು ಮೇಲೆ ನಿಮಗೂ ಆಗಬಹುದು.

ಇನ್ನೊಂದು 'ಇಂಟರ್ನೀಸೈನ್'. ರಾಜಕೀಯ ವರದಿಗಳಲ್ಲಿ ಯುದ್ಧ, ಜಗಳ, ಕಾದಾಟ ಎಂಬವುಗಳ ಹಿಂದೆ ಮಾತ್ರ ಇದು ಕಾಣಿಸುತ್ತದೆ. ಲ್ಯಾಟಿನ್ನಿನಲ್ಲಿ ಇದರರ್ಥ ಒಬ್ಬನೂ ಉಳಿಯದಂತೆ ಕೊಲ್ಲುವ ಕಾದಾಟ. ಅಲ್ಲಿ 'ಇಂಟರ್' ಬರಿಯ ಒತ್ತು. ಒಳಗಿರುವ 'ನೆಕ್' ನಮ್ಮ 'ನಾಶ'ದ ಬಳಗ. ಆದರೆ 1755ರ ತಮ್ಮ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ 'ಇಂಟರ್' ಎಂದರೆ 'ಪರಸ್ಪರ' ಎಂದು ತಿಳಿದು, ಒಬ್ಬರನ್ನೊಬ್ಬರು ನಾಶ ಮಾಡಲು ಹೊರಟ ಎಂದು ಅರ್ಥ ಬರೆದರು. ಅವರ ನಿಘಂಟಿನ ಮೇಲಿನ ಗೌರವದಿಂದ ಆ ಅರ್ಥವೇ ನಿಂತಿತು. ಈಗ ಒಂದೇ ಪಕ್ಷದ, ಒಂದೇ ಮನೆಯ ಒಳಜಗಳಕ್ಕೆ ಅದನ್ನು ಹೇಳುತ್ತಾರೆ. ದಾಯಾದಿ ಕಲಹ ಎಂದು ನಾನು ಕನ್ನಡಿಸುತ್ತೇನೆ. ಕುರುಕ್ಷೇತ್ರದ ನೆನಪಿರುವ ನಮಗೆ ಆ ಪದದಲ್ಲಿ ಜಗಳವೂ ಇದೆ, ಸರ್ವನಾಶವೂ ಇದೆ. ಜಾನ್ಸನ್ ಕೊಟ್ಟ ಅರ್ಥ, ರೋಮನ್ನರ ಅರ್ಥ ಎರಡೂ ಒಂದೇ ಕಡೆ ಕೂಡುತ್ತವೆ.

ಒಡನಾಟ ಪತ್ತೆ ಮಾಡುವುದು ಕಷ್ಟವಲ್ಲ. ಯಾವುದಾದರೂ ಇಂಗ್ಲಿಷ್ ಪತ್ರಿಕೆಯ ಜಾಲತಾಣದ ಹುಡುಕುಪೆಟ್ಟಿಗೆಯಲ್ಲಿ ಪದವನ್ನು ಹಾಕಿ ಹತ್ತು ವಾಕ್ಯ ಓದಿ. ಅದರ ಮುಂದೆ, ಹಿಂದೆ ಮತ್ತೆ ಮತ್ತೆ ಬರುವ ಪದಗಳನ್ನು ಗುರುತು ಹಾಕಿಕೊಳ್ಳಿ. ಹತ್ತು ಸಾಕು.

ಏಳನೆಯ ಹಂತ: ಹೊಗಳಿಕೆಯೋ ತೆಗಳಿಕೆಯೋ, ಇನ್ನೊಮ್ಮೆ ನೋಡಿ

ಅನುವಾದದಲ್ಲಿ ಮಾನ ಕಳೆಯುವುದು ಈ ಜಾಗ. 'ಇಗ್ರೀಜಿಯಸ್' ಎಂದರೆ ಮೂಲದಲ್ಲಿ ಹಿಂಡಿನಿಂದ ಹೊರಗೆ ಎದ್ದು ಕಾಣುವ ಕುರಿ. ಒಂದು ಕಾಲಕ್ಕೆ ಶ್ರೇಷ್ಠ ಎಂಬ ಹೊಗಳಿಕೆಯಾಗಿತ್ತು. ಇಂದು ಅದು ಎದ್ದು ಕಾಣುವಷ್ಟು ಕೆಟ್ಟದ್ದಕ್ಕೆ ಮಾತ್ರ: ಅಕ್ಷಮ್ಯ ತಪ್ಪು, ರಾಜಾರೋಷದ ಉಲ್ಲಂಘನೆ. 'ಫುಲ್ಸಮ್' ಹೊಗಳಿಕೆ ಎಂದರೆ ಮನದುಂಬಿದ ಹೊಗಳಿಕೆ ಎಂದು ಭಾವಿಸಬೇಡಿ. ಕೇಳಿದವರಿಗೆ ಮುಜುಗರವಾಗುವಷ್ಟು ಅತಿಯಾದ ಹೊಗಳಿಕೆ ಅದು. ಒಳ್ಳೆಯ ಅರ್ಥದಲ್ಲಿ ಬಳಸುವವರೂ ಇದ್ದಾರೆ, ಆದ್ದರಿಂದ ಸನ್ನಿವೇಶ ನೋಡದೆ ಕೈಹಾಕಬೇಡಿ. ಅಭಿನಂದನಾ ಪತ್ರದಲ್ಲಂತೂ ಬೇಡವೇ ಬೇಡ.

'ಸ್ಯಾಂಕ್ಷನ್' ಎರಡು ಮುಖದ್ದು. ಬ್ಯಾಂಕು ಸಾಲವನ್ನು ಹಾಗೆ ಮಾಡಿದರೆ ಮಂಜೂರು. ಒಂದು ದೇಶ ಇನ್ನೊಂದರ ಮೇಲೆ ಹೇರಿದರೆ ನಿರ್ಬಂಧ. 'ಓವರ್‌ಸೈಟ್' ಕೂಡ ಹೀಗೆಯೇ: ಮೇಲ್ವಿಚಾರಣೆಯೂ ಹೌದು, ಕಣ್ತಪ್ಪೂ ಹೌದು. ಸಮಿತಿಯೊಂದರ 'ಓವರ್‌ಸೈಟ್' ಎಂದು ಬಂದಾಗ ಎರಡರಲ್ಲಿ ಯಾವುದು ಎಂದು ತೀರ್ಮಾನಿಸದೆ ಒಂದು ಅಕ್ಷರ ಬರೆಯಬೇಡಿ.

ಎಂಟನೆಯ ಹಂತ: ಒಂದು ಪುಟ, ಒಂದು ಪದ

ನನ್ನ ನೋಟ್‌ಬುಕ್ಕಿನಲ್ಲಿ 'ರೂಮಿನೇಟ್' ಪದದ ಪುಟ ಹೀಗಿದೆ. ಮೇಲೆ ಪದ, ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರಣೆ. ಅದರ ಕೆಳಗೆ ಸಿಕ್ಕ ಜಾಗ: ನಿವೃತ್ತ ಕ್ರಿಕೆಟಿಗರೊಬ್ಬರ ಸಂದರ್ಶನ. ನನ್ನ ಊಹೆ 'ಗೊಣಗು', ಅದಕ್ಕೊಂದು ಅಡ್ಡಗೆರೆ. ಆಮೇಲೆ ಬುಡ: ಹಸುವಿನ ಮೊದಲ ಹೊಟ್ಟೆ 'ರೂಮೆನ್'. ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ಮೆಲುಕು ಹಾಕು'. ಎರಡು ಭಾಷೆಗಳು ದನದ ಕೊಟ್ಟಿಗೆಯಲ್ಲಿ ನಿಂತು ಒಂದೇ ಉಪಮೆಯನ್ನು ಕಂಡುಕೊಂಡಿವೆ ಎಂದು ತಿಳಿದ ಆ ಸಂಜೆ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದಕ್ಕೂ ಕೆಳಗೆ, ಎರಡು ವರ್ಷದ ನಂತರ ಸೇರಿಸಿದ ಒಂದು ಎಚ್ಚರಿಕೆ ಇದೆ. ಕನ್ನಡದಲ್ಲಿ ನಾವು ಸವಿನೆನಪುಗಳನ್ನು ಮೆಲುಕು ಹಾಕುತ್ತೇವೆ. ಇಂಗ್ಲಿಷಿನ ಮನಃಶಾಸ್ತ್ರದ ಬರಹದಲ್ಲಿ ಅದೇ ಪದ ನೋವಿನ ಯೋಚನೆಯನ್ನೇ ಸುತ್ತಿ ಸುತ್ತಿ ಕೊರಗುವುದಕ್ಕೆ ನಿಂತಿದೆ. ಆಗ 'ಕೊರಗು' ಎಂದೇ ಬರೆಯಬೇಕು. ಪುಟದ ಕೊನೆಗೆ ನಾನೇ ಕಟ್ಟಿದ ಎರಡು ಇಂಗ್ಲಿಷ್ ವಾಕ್ಯಗಳು, ನನ್ನ ಬದುಕಿನವು. ನಿಘಂಟಿನಿಂದ ನಕಲು ಮಾಡಿದವಲ್ಲ.

ವಾರಕ್ಕೆ ಮೂರು ಪದ ಸಾಕು. ಭಾನುವಾರ ಹಿಂದಿನ ಪುಟಗಳನ್ನು ತಿರುವಿ, ಅರ್ಥದ ಭಾಗವನ್ನು ಅಂಗೈಯಿಂದ ಮುಚ್ಚಿ ಹೇಳಿಕೊಳ್ಳಿ.

ಒಂಬತ್ತನೆಯ ಹಂತ: ಬಳಸಬೇಕೋ ಬೇಡವೋ

ಗೊತ್ತಿರುವ ಪದವನ್ನೆಲ್ಲ ಬಳಸಬೇಕಿಲ್ಲ. ಪತ್ರ, ಅರ್ಜಿ, ಪ್ರಬಂಧದಲ್ಲಿ ಸರಳ ಪದ ಕೆಲಸ ಮಾಡುವ ಕಡೆ ಸರಳ ಪದವೇ ಇರಲಿ. ಸರಳ ಪದಕ್ಕೆ ನಿಲುಕದ ಸೂಕ್ಷ್ಮ ಇದ್ದಾಗ ಮಾತ್ರ ಅಪರೂಪದ್ದನ್ನು ತನ್ನಿ. ವಿಧಾನಮಂಡಲದ ಅಧಿವೇಶನ ಮುಗಿಸುವ ವಿಷಯ ನೋಡಿ: ಸಭೆಯನ್ನು ಮುಂದೂಡುವುದು 'ಅಡ್ಜರ್ನ್', ಸಂವಿಧಾನದ 174ನೇ ವಿಧಿಯಂತೆ ರಾಜ್ಯಪಾಲರು ಅಧಿವೇಶನವನ್ನೇ ಮುಕ್ತಾಯ ಮಾಡುವುದು 'ಪ್ರೊರೋಗ್'. ಅಲ್ಲಿ ಬೇರೆ ಪದ ಸಲ್ಲದು. ನಿವೃತ್ತರಾಗುವ ನ್ಯಾಯಮೂರ್ತಿಗಳ ಬಗ್ಗೆ ನಮ್ಮ ಇಂಗ್ಲಿಷ್ ಪತ್ರಿಕೆಗಳು ಬರೆಯುವ, ಹುದ್ದೆ ಬಿಡುವುದು ಎಂಬ ಅರ್ಥದ 'ಡಿಮಿಟ್' ಸ್ನೇಹಿತರ ಮಾತಿನ ನಡುವೆ ಬಂದರೆ ಕಲ್ಲು ಸಿಕ್ಕಂತಾಗುತ್ತದೆ.

ಕನ್ನಡ ಬರೆಯುವಾಗಲಂತೂ ನನ್ನ ನಿಲುವು ಗಟ್ಟಿ: ಅಪರೂಪದ ಇಂಗ್ಲಿಷ್ ಪದ ತಿಳಿದಷ್ಟೂ ಕನ್ನಡವನ್ನು ಹೆಚ್ಚು ಹುಡುಕಬೇಕು. 'ಪೆಟ್ರಿಕೋರ್' ಎಂಬ ಪದವನ್ನು 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಕಟ್ಟಿದರು. ಗ್ರೀಕಿನ ಕಲ್ಲು, ದೇವತೆಗಳ ನಾಳದಲ್ಲಿ ಹರಿಯುವ ದ್ರವ, ಎರಡನ್ನೂ ಕೂಡಿಸಿ ಒಣ ನೆಲಕ್ಕೆ ಮಳೆ ಬಿದ್ದಾಗ ಏಳುವ ಪರಿಮಳಕ್ಕೆ ಹೆಸರಿಟ್ಟರು. ಸೊಗಸಾದ ಪದ, ವಿಜ್ಞಾನದ ಲೇಖನಕ್ಕೆ ಬೇಕು. ಆದರೆ ಮೇ ತಿಂಗಳ ಮೊದಲ ಮಳೆಯನ್ನು ಕನ್ನಡದಲ್ಲಿ ಬಣ್ಣಿಸುವಾಗ 'ಮಣ್ಣಿನ ಘಮ' ಎಂದರೆ ಓದುವವನ ಮೂಗಿಗೆ ತಲುಪುತ್ತದೆ. 'ಕ್ರಿಪಸ್ಕ್ಯುಲರ್' ಎಂಬುದೂ ಹಾಗೆಯೇ. ಸಂಜೆ, ಮುಂಜಾನೆಯ ಮಬ್ಬಿನಲ್ಲಿ ಓಡಾಡುವ ಮೊಲದಂತಹ ಪ್ರಾಣಿಗಳಿಗೆ ಇಂಗ್ಲಿಷಿನಲ್ಲಿ ಆ ಒಂದು ಪದ; ನಮ್ಮಲ್ಲಿ ಮುಸ್ಸಂಜೆ, ನಸುಕು, ಗೋಧೂಳಿ ಎಂದು ಹೊತ್ತುಹೊತ್ತಿಗೂ ಹೆಸರುಂಟು.

ಈಗ ಒಂದು ಪದವನ್ನು ಎಲ್ಲ ಹಂತಗಳಲ್ಲೂ ನಡೆಸಿ ನೋಡೋಣ

ಬಜೆಟ್ ಚರ್ಚೆಯ ವರದಿಯೊಂದನ್ನು ಊಹಿಸಿಕೊಳ್ಳಿ. ಸದನದಲ್ಲಿ ಅರ್ಧ ಆಸನಗಳು ಖಾಲಿ, ಎರಡು ಗಂಟೆ 'ಡೆಸಲ್ಟರಿ' ಚರ್ಚೆ ನಡೆದು ಮಸೂದೆ ಅಂಗೀಕಾರವಾಯಿತು ಎಂದು ಅದರಲ್ಲಿದೆ. ಪದ ಪರಿಚಿತ ಮುಖದ್ದಲ್ಲ, ಆದ್ದರಿಂದ ಮೊದಲ ಹಂತ ದಾಟಿದೆವು. ಖಾಲಿ ಆಸನಗಳನ್ನು ನೋಡಿ ಅಂಚಿನಲ್ಲಿ 'ನೀರಸ' ಎಂದು ಬರೆದು ಕಳೆಯುವ ಚಿಹ್ನೆ ಹಾಕಿದೆವು. ನಿಘಂಟು ಹೇಳುತ್ತದೆ: ಗೊತ್ತುಗುರಿ ಇಲ್ಲದೆ, ಉತ್ಸಾಹವೂ ಇಲ್ಲದೆ, ಒಂದರಿಂದ ಇನ್ನೊಂದಕ್ಕೆ ಹಾರುವ. ನಮ್ಮ ಊಹೆ ಅರ್ಧ ಸರಿ. ಬಿಡಿಸಿದರೆ ಲ್ಯಾಟಿನ್ನಿನ 'ದೆಸುಲ್ತೋರ್' ಸಿಗುತ್ತಾನೆ: ರೋಮನ್ನರ ಪಂದ್ಯದ ಕಣದಲ್ಲಿ ಓಡುವ ಒಂದು ಕುದುರೆಯ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ ನೆಗೆಯುತ್ತಿದ್ದ ಸವಾರ. ಒತ್ತು ಮೊದಲ ಅಕ್ಷರದ ಮೇಲೆ. ಒಡನಾಡಿಗಳು ಮಾತುಕತೆ, ಚರ್ಚೆ, ಓದು, ಪ್ರಯತ್ನ. ಸ್ವಭಾವ ತೆಗಳಿಕೆಯದು, ಆದರೆ ಮೆಲುದನಿಯ ತೆಗಳಿಕೆ. ಕೋಪಕ್ಕಿಂತ ನಿರಾಸೆ ಹೆಚ್ಚು.

ಕನ್ನಡಕ್ಕೆ ಏನು ಮಾಡೋಣ? 'ಕಾಟಾಚಾರದ ಚರ್ಚೆ' ಎಂದರೆ ಉತ್ಸಾಹವಿಲ್ಲದ್ದು ಬಂತು, ಹಾರಾಟ ಬರಲಿಲ್ಲ. ಮೇಲಾಗಿ ಮೂಲದಲ್ಲಿಲ್ಲದ ಆರೋಪ ಸೇರಿತು. 'ಅಸ್ತವ್ಯಸ್ತ' ಎಂದರೆ ಗದ್ದಲದ ಭಾವನೆ ಬರುತ್ತದೆ. ಎತ್ತಿಕೊಂಡ ವಿಷಯವನ್ನು ಅರ್ಧಕ್ಕೆ ಬಿಟ್ಟು ಮತ್ತೊಂದಕ್ಕೆ ಹೋಗುವ ಆ ಸದನವನ್ನು ಕಣ್ಣಿಗೆ ತಂದುಕೊಂಡು ಹೀಗೆ ಬರೆಯುತ್ತೇನೆ: 'ಅರ್ಧ ಖಾಲಿಯಿದ್ದ ಸದನದಲ್ಲಿ ಎರಡು ಗಂಟೆ ಅದಿಷ್ಟು ಇದಿಷ್ಟು ಮಾತು ನಡೆದು ಮಸೂದೆ ಅಂಗೀಕಾರವಾಯಿತು.' ಒಂದು ಪದದ ಬದಲು ಎರಡು ಪದ ಬಿದ್ದವು. ನಮ್ಮ ಹಿರಿಯ ಉಪಸಂಪಾದಕರು ಇದ್ದಿದ್ದರೆ 'ಮಾತು' ಎಂಬಲ್ಲಿ 'ಚರ್ಚೆ' ಇರಲಿ ಎನ್ನುತ್ತಿದ್ದರು. ಇರಲಿ, 'ಚರ್ಚೆ' ಎಂದೇ ತಿದ್ದಿಕೊಳ್ಳುತ್ತೇನೆ.